ಹಟ್ಟಿಯ ಜಪ

ನಾನು ಹುಡುಗನಾಗಿದ್ದಾಗ ಮಳವಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಕ್ರೈಸ್ತರ ಗುಡಿ ಇರಲಿಲ್ಲ. ಇದ್ದದ್ದು ಏಳೆಂಟು ಕಥೋಲಿಕ ಒಕ್ಕಲು. ತಾತನ ಮನೆಯ ಜಗುಲಿಯ ಮುಂದೆ ಒಂದು ಹೊಂಗೆಮರ, ಅದರ ಕೊಂಬೆಗೆ ಸರಪಳಿಯಿಂದ ಕಟ್ಟಿದ ಮೊಳದುದ್ದದ ರೈಲು ಕಂಬಿಯ ತುಂಡು. ನಮ್ಮ ಪಾಲಿಗೆ ಗಂಟೆಗೋಪುರವೆಂದರೆ ಅದೇ. ಬೆಳಗಿನ ಜಾವ, ನಡುಮಧ್ಯಾಹ್ನ, ಸಂಜೆ ದೀಪ ಹಚ್ಚುವ ಹೊತ್ತು, ಹೀಗೆ ದಿನಕ್ಕೆ ಮೂರು ಸಲ ತಾತ ಅದನ್ನು ಬಾರಿಸುತ್ತಿದ್ದರು. ಅದು ತ್ರಿಕಾಲ ಪ್ರಾರ್ಥನೆಯ ಕರೆ. ಗದ್ದೆಯಲ್ಲಿದ್ದ ನಮ್ಮವರು ಕುಡುಗೋಲು ಕೆಳಗಿಟ್ಟು, ಶಿಲುಬೆಯ ಗುರುತು ಹಾಕಿಕೊಂಡು, ಒಂದು ನಿಮಿಷ ನಿಂತು ಮತ್ತೆ ಬಗ್ಗುತ್ತಿದ್ದರು. ಪಕ್ಕದ ಹೊಲದ ಗೌಡರ ಮನೆಯವರು ಮಧ್ಯಾಹ್ನದ ಸದ್ದು ಕೇಳಿ ಬುತ್ತಿ ಬಿಚ್ಚುತ್ತಿದ್ದರು. ಗಡಿಯಾರ ಕಟ್ಟಿದವರು ಕಡಿಮೆಯಿದ್ದ ಆ ಊರಿಗೆ ನಮ್ಮ ತಾತನ ಕಂಬಿಯೇ ಗಡಿಯಾರವಾಗಿತ್ತು.

ಅಜ್ಜಿಗೆ ಸಂಜೆಯ ಗಂಟೆ ಬೀಳುತ್ತಿದ್ದದ್ದು ಸರಿಯಾಗಿ ಹಾಲು ಕರೆಯುವ ಹೊತ್ತಿಗೆ. ಅವಳು ಏಳುತ್ತಿರಲಿಲ್ಲ. ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿಕೊಂಡು, ಕೈ ನಿಲ್ಲಿಸದೆ, ತುಟಿ ಅಲ್ಲಾಡಿಸುತ್ತಿದ್ದಳು. "ಎದ್ದು ನಿಂತ್ಕೊಂಡು ಜಪ ಮಾಡ್ಬೇಕು ಅಂತ ಉಪದೇಶದಲ್ಲಿ ಹೇಳ್ಕೊಟ್ಟವ್ರೆ ಕಣಜ್ಜಿ" ಎಂದು ನಾನೊಮ್ಮೆ ಅಧಿಕಪ್ರಸಂಗ ಮಾಡಿದೆ. "ಎದ್ರೆ ಎಮ್ಮೆ ಹಾಲು ಏರಿಸ್ಕತದೆ ಕನಪ್ಪ. ದನದ ಕೊಟ್ಟಿಗೇಲಿ ಹುಟ್ಟಿದ ದೇವ್ರಿಗೆ ಅಷ್ಟೂ ಗೊತ್ತಿಲ್ವಾ?" ಎಂದಳು.

ಈ ಮಾತು ಈಗ ನೆನಪಾಗುವುದಕ್ಕೆ ಕಾರಣವಿದೆ. ಒಂದು ತಪಸ್ಸುಕಾಲದಲ್ಲಿ ಮಂಡ್ಯದಲ್ಲಿ ಶಿಲುಬೆ ಹಾದಿ ಮುಗಿಸಿ ಹೊರಗೆ ಬರುತ್ತಿದ್ದಾಗ ಹುಡುಗನೊಬ್ಬ ನನ್ನನ್ನು ತಡೆದ. ಮದ್ದೂರಿನವನು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮಾಡಿ ಬರುವವನು. "ಸಾರ್, ಭಾನುವಾರ ಪೂಜೆ ತಪ್ಪಿಸಲ್ಲ. ಪರಮಪ್ರಸಾದ ತಗೋತೀನಿ. ಆದರೆ ಸೋಮವಾರ ಬೆಳಗ್ಗೆ ಮದ್ದೂರಲ್ಲಿ ನಾನು ರೈಲು ಹತ್ತೋ ಹೊತ್ತಿಗೆ ದೇವರು ಎಲ್ಲೋ ಇಳಿದುಹೋಗಿರ್ತಾನೆ. ದಿನಾ ಜೊತೇಲಿ ಇರೋ ಹಾಗೆ ಮಾಡ್ಕೊಳೋದು ಹೇಗೆ?" ಎಂದು ಕೇಳಿದ. ನಾನು ಗುರುಗಳಲ್ಲ, ಇತಿಹಾಸ ಪಾಠ ಹೇಳಿ ನಿವೃತ್ತನಾದವನು. "ಸ್ವಾಮಿಗಳನ್ನ ಕೇಳಪ್ಪ" ಎಂದು ಜಾರಿಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅವನು ಕೇಳಿದ್ದು ನನ್ನದೇ ಪ್ರಶ್ನೆ, ಅದಕ್ಕೇ ಜಾರಿಕೊಂಡಿದ್ದೆ. ಅವನಿಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ನನಗೆ ಗೊತ್ತಿರುವ ದಾರಿಯಲ್ಲಿ, ಎಂದರೆ ನಮ್ಮ ಸೀಮೆಯ ಇತಿಹಾಸದ ದಾರಿಯಲ್ಲಿ, ಇಲ್ಲಿ ಹುಡುಕುತ್ತಿದ್ದೇನೆ.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮದ ಕಥೆ ಶುರುವಾಗುವುದು ಮಂಡ್ಯದ ನೆರೆಯಲ್ಲೇ ಇರುವ ಶ್ರೀರಂಗಪಟ್ಟಣದಲ್ಲಿ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1648ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರು ಗೋವೆಯಿಂದ ಇಲ್ಲಿಗೆ ಬಂದರು. ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟಿದ್ದ ಮೇಲ್ಪಂಕ್ತಿಯನ್ನು ಹಿಡಿದು ಸಂನ್ಯಾಸಿಯ ಉಡುಗೆ ಉಟ್ಟರು. ಕನ್ನಡ ಕಲಿತರು. ಕಲಿತು ಸುಮ್ಮನಾಗಲಿಲ್ಲ. ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು, ಸಂತರ ಚರಿತ್ರೆ ಬರೆದರು, ಮುಂದೆ ಬರುವ ಗುರುಗಳಿಗೆಂದು ಕನ್ನಡದ ವ್ಯಾಕರಣವನ್ನೂ ಶಬ್ದಕೋಶವನ್ನೂ ಮಾಡಿದರು. 1676ರಲ್ಲಿ ತೀರಿಕೊಂಡರು. ಮೈಸೂರು ಸೀಮೆಯಲ್ಲಿ ಅಚ್ಚುಕೂಟವೆಂಬುದೇ ಇಲ್ಲದ ದಿನಗಳವು. ಬರೆದದ್ದನ್ನು ಕೈಯಿಂದ ಕೈಗೆ ನಕಲು ಮಾಡಬೇಕು, ಓದು ಬಾರದವರು ಬಾಯಿಪಾಠ ಮಾಡಬೇಕು.

ಈ ಚಿನ್ನಾಮಿಯವರ ಕೆಲಸವನ್ನು ನೆನೆದಾಗಲೆಲ್ಲ ನನಗೆ ಒಂದು ಸರಳ ಲೆಕ್ಕ ತೋರುತ್ತದೆ. ಬೆರಳೆಣಿಕೆಯ ಗುರುಗಳು, ಕಾಲ್ನಡಿಗೆಯ ಪ್ರಯಾಣ, ನಡುವೆ ಕಾವೇರಿ, ಶಿಂಷಾ, ಅರ್ಕಾವತಿ, ಮಳೆಗಾಲದಲ್ಲಿ ದಾಟಲಾಗದ ಹಳ್ಳಗಳು. ಒಂದು ಹಳ್ಳಿಗೆ ಗುರು ವರ್ಷಕ್ಕೆ ಎಷ್ಟು ಸಲ ಬಂದಾರು? ಅವರು ಬಂದ ದಿನ ಪೂಜೆ, ಪಾಪನಿವೇದನೆ, ಪರಮಪ್ರಸಾದ. ಉಳಿದ ದಿನಗಳಲ್ಲಿ? ಉಳಿದ ದಿನಗಳಿಗೆಂದೇ ಉಪದೇಶಿಗಳಿದ್ದರು. ಇವರು ಪಟ್ಟ ಪಡೆದವರಲ್ಲ. ಹೆಂಡತಿ ಮಕ್ಕಳಿದ್ದ ಒಕ್ಕಲಿಗರೋ ಕಸುಬುದಾರರೋ ಆದ ಗೃಹಸ್ಥರು. ಜಪ ಹೇಳಿಕೊಡುವವರು ಅವರೇ, ಸಾವಿನ ಮನೆಯಲ್ಲಿ ಪ್ರಾರ್ಥನೆ ಮಾಡುವವರು ಅವರೇ, ತುರ್ತಿದ್ದರೆ ಸಾಯುವ ಕೂಸಿಗೆ ಜ್ಞಾನಸ್ನಾನ ಕೊಡುವವರೂ ಅವರೇ. ಹಾಗೆಂದರೆ, ನಮ್ಮ ಸೀಮೆಯಲ್ಲಿ ಕಥೋಲಿಕ ಬದುಕು ಮೊದಲಿನಿಂದಲೂ ಗುಡಿಗಿಂತ ಹೆಚ್ಚಾಗಿ ಹಟ್ಟಿಯಲ್ಲಿ ನಡೆದದ್ದು. ನಮ್ಮ ಕಡೆ ಹಟ್ಟಿ ಎಂದರೆ ಮನೆ, ಅಂಗಳ, ಕೊಟ್ಟಿಗೆ ಎಲ್ಲವೂ ಸೇರಿದ ಮಾತು.

ಈ ಹಟ್ಟಿಯ ಜಪಕ್ಕೆ ಕಠಿಣ ಪರೀಕ್ಷೆ ಬಂದದ್ದು 18ನೇ ಶತಮಾನದ ಕೊನೆಯಲ್ಲಿ. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದರು. ಮೊದಲೇ ಕಡಿಮೆಯಿದ್ದ ಗುರುಗಳು ಇನ್ನೂ ಕಡಿಮೆಯಾದರು. ಪ್ಯಾರಿಸ್ ವಿದೇಶಿ ಮಿಷನ್ ಸಂಘದವರು ಆ ಹೊಣೆ ಹೊತ್ತರಾದರೂ ನಡುವೆ ಯುದ್ಧಗಳು. 1784ರ ತಪಸ್ಸುಕಾಲದ ಹೊಸ್ತಿಲಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ, ಮಂಗಳೂರಿನ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಹಲವರು ದಾರಿಯಲ್ಲೇ ಸತ್ತರು. ಉಳಿದವರಲ್ಲಿ ಅನೇಕರು ಬಲವಂತದಿಂದ ಮತ ಬದಲಿಸಬೇಕಾಯಿತು. ಎಷ್ಟು ಮಂದಿ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇದೇ ಟಿಪ್ಪು 1791ರಲ್ಲಿ ಮರಾಠರ ದಂಡು ಕೊಳ್ಳೆಹೊಡೆದ ಶೃಂಗೇರಿ ಮಠಕ್ಕೆ ನೆರವಾಗಿ, ಅಲ್ಲಿನ ಸ್ವಾಮಿಗಳಿಗೆ ಗೌರವದಿಂದ ಕಾಗದ ಬರೆದವನೂ ಹೌದು. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು. ಎರಡನ್ನೂ ಹೇಳದೆ ಹೋದರೆ ಇತಿಹಾಸ ಹೇಳಿದಂತಾಗುವುದಿಲ್ಲ.

1799ರ ಮಾರ್ಚ್ 27ರಂದು ಟಿಪ್ಪುವಿಗೂ ಇಂಗ್ಲಿಷರಿಗೂ ನಮ್ಮ ಮಳವಳ್ಳಿಯ ಬಯಲಿನಲ್ಲೇ ಕಾಳಗವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆಮೇಲೆ ಅಲ್ಲಿಗೆ ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ. ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. 1800ರಲ್ಲಿ ಗಂಜಾಮಿನಲ್ಲಿ ದೇವಾಲಯ ಕಟ್ಟಿಸಿದರು. ಅದು ಇಂದಿಗೂ ಇದೆ. ಹಾಸನದ ಕಡೆ ಸಾಥಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿಗೆ ದೇವಿ ಹಾಕುವ ಪದ್ಧತಿ ಇಂಡಿಯಕ್ಕೆ ಬಂದ ಒಂದೆರಡು ವರ್ಷದಲ್ಲೇ, 1803-04ರಲ್ಲಿ, ಮೈಸೂರು ಸೀಮೆಯ ಹಳ್ಳಿಹಳ್ಳಿ ತಿರುಗಿ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹೆಸರಾಂತ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಕುರ್ದೂ ಎಂಬ ಹಿಂದಿನ ಯೇಸುಸಭೆಯ ಗುರುವಿನ ಹಸ್ತಪ್ರತಿಯಿಂದ ಬಂದದ್ದೆಂದು ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದ್ದಾರೆ. ಅದು ಬೇರೆ ಮಾತು.

ನನ್ನನ್ನು ಕಾಡುವುದು ಆ ಗ್ರಂಥವಲ್ಲ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳು. ಮೂವತ್ತು ವರ್ಷ ಇಂಡಿಯದಲ್ಲಿ ದುಡಿದ ಆ ಗುರು ಅವುಗಳಲ್ಲಿ ಹೆಚ್ಚುಕಡಿಮೆ ಸೋಲೊಪ್ಪಿಕೊಂಡಿದ್ದಾರೆ. ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರುಬಿಡುವುದೆಂಬ ಭರವಸೆ ಅವರಿಗೆ ಉಳಿದಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಒಳಗಾದ ಸಾವಿರಾರು ಕ್ರೈಸ್ತರಲ್ಲಿ ಒಬ್ಬನಾದರೂ ಎದ್ದುನಿಂತು ತನ್ನ ವಿಶ್ವಾಸವನ್ನು ಸಾರಿ ಪ್ರಾಣ ಕೊಡಲಿಲ್ಲವಲ್ಲ, ಇದೆಂಥ ನಾಚಿಕೆ ಎಂಬರ್ಥದಲ್ಲಿ ಅವರು ಹಲುಬುತ್ತಾರೆ. ಆ ವರ್ಷವೇ ಇಂಡಿಯ ಬಿಟ್ಟು ಫ್ರಾನ್ಸಿಗೆ ಮರಳಿದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಈ ಪತ್ರಗಳನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸುವಂತಾಯಿತು. ಯಾರೂ ಪ್ರಾಣ ಕೊಡಲಿಲ್ಲ ಎಂದು ಬರೆದ ಅದೇ ಗುರುವಿನ ಬಳಿಗೆ, ಸುಲ್ತಾನ ಸತ್ತ ಮೇಲೆ, ಜನ ಹಿಂತಿರುಗಿ ಬಂದರಲ್ಲ! ಅವರನ್ನು ಸಭೆಗೆ ಮತ್ತೆ ಸೇರಿಸಿಕೊಂಡವರು ಸ್ವತಃ ದ್ಯುಬುವಾ. 1784ರಿಂದ 1799ರವರೆಗೆ ಲೆಕ್ಕ ಹಾಕಿದರೆ ಹದಿನೈದು ವರ್ಷ. ಅಷ್ಟು ಕಾಲ ಹೆಸರು ಬೇರೆ, ಉಡುಪು ಬೇರೆ, ಗುರುವಿಲ್ಲ, ಗುಡಿಯಿಲ್ಲ. ಹದಿನೈದು ವರ್ಷದಲ್ಲಿ ಒಂದು ಕೂಸು ಹುಟ್ಟಿ ಬೆಳೆದು ಮದುವೆಯ ವಯಸ್ಸಿಗೆ ಬರುತ್ತದೆ. ಆ ಕೂಸಿಗೆ ಹಿಂತಿರುಗಿ ಹೋಗಬೇಕಾದ ಜಾಗವೊಂದಿದೆ ಎಂದು ಹೇಳಿಕೊಟ್ಟವರು ಯಾರು? ದಾಖಲೆ ತೋರಿಸಿ ಎಂದರೆ ನನ್ನಲ್ಲಿ ಇಲ್ಲ. ಆದರೆ ಇತಿಹಾಸ ಓದಿದವನಿಗೆ ಊಹೆಗೂ ಒಂದು ಹಕ್ಕಿದೆ. ಯಾವಳೋ ಒಬ್ಬ ಅವ್ವ, ಯಾವುದೋ ಹಟ್ಟಿಯಲ್ಲಿ, ದೀಪ ಆರಿಸಿದ ಮೇಲೆ, ಕೂಸಿನ ಹಣೆಯ ಮೇಲೆ ಬೆರಳಿನಿಂದ ಸಣ್ಣ ಶಿಲುಬೆ ಬರೆದಿರಬೇಕು. ಹಾಗೆ ಬರೆದವಳು ಸಂತಳೆಂದು ಯಾರೂ ಸಾರಲಿಲ್ಲ. ದ್ಯುಬುವಾರ ಪತ್ರದಲ್ಲಿ ಅವಳಿಲ್ಲ. ದೊಡ್ಡ ಸ್ವಾಮಿಗಳು ಜನರ ಆಚಾರಗಳನ್ನೆಲ್ಲ ಕಣ್ಣಿಟ್ಟು ನೋಡಿ ಬರೆದವರು. ಆದರೆ ಹಟ್ಟಿಯ ಕತ್ತಲಲ್ಲಿ ಪಿಸುಮಾತಿನಲ್ಲಿ ನಡೆದದ್ದು ಹೊರಗಿನ ಕಣ್ಣಿಗೆ ಕಾಣುವಂಥದ್ದಲ್ಲ.

ದ್ಯುಬುವಾ ಬಿಟ್ಟುಹೋದ ಮೇಲೂ ಜಪ ನಿಲ್ಲಲಿಲ್ಲ. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತ್ಯದ ಮಟ್ಟಕ್ಕೆ ಏರಿ, ಶಾರ್ಬೊನೊ ಅದರ ಮೊದಲ ಧರ್ಮಾಧ್ಯಕ್ಷರಾದರು. 1861ರಲ್ಲಿ ಅವರ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನಲ್ಲಿ ಅಚ್ಚಾಯಿತು. ಈ ನಿಘಂಟಿನ ಹೆಸರೇ ನಮ್ಮ ಜನರ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಪೀಠದ ಮೇಲೆ ಲ್ಯಾಟಿನ್, ಪೀಠದ ಕೆಳಗೆ ಕನ್ನಡ. ಪೂಜೆಯ ಮಂತ್ರಗಳು ಗುರುಗಳಿಗೂ ಪರಲೋಕಕ್ಕೂ ಮಾತ್ರ ಗೊತ್ತು. ಜನ ಮೊಣಕಾಲೂರಿ ತಮ್ಮ ಪಾಡಿಗೆ ತಾವು ಕನ್ನಡದಲ್ಲಿ ಜಪಸರ ಮಾಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ನಿರ್ಣಯವನ್ನು ಹೊರಡಿಸಿ ಜನಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ಪೂಜೆ ಕನ್ನಡದಲ್ಲಿ ಕೇಳತೊಡಗಿತು. ನಮ್ಮ ತಾತ ಅದನ್ನು ಕೇಳಿ ಬಂದ ದಿನ ಹೇಳಿದ್ದೆಂದು ಅಪ್ಪ ನಗುತ್ತಾ ಹೇಳುತ್ತಿದ್ದರು: "ಈಗ ಸ್ವಾಮಿಗೋಳೂ ನಮ್ಮಂಗೇ ಮಾತಾಡೋದ ಕಲ್ತ್ರು." ತಾತನ ಮಾತಿನಲ್ಲಿ ಗರ್ವವಿರಲಿಲ್ಲ, ಸಂತೋಷವಿತ್ತು. ಚಿನ್ನಾಮಿಯವರ ಕಾಲದಿಂದ ಹಟ್ಟಿಯೊಳಗೆ ಆಡುತ್ತಿದ್ದ ಮಾತು ಮುನ್ನೂರು ವರ್ಷಕ್ಕೆ ಪೀಠದ ಮೇಲೇರಿತ್ತು.

ಇಲ್ಲಿಯವರೆಗಿನದು ದೊಡ್ಡ ಇತಿಹಾಸ. ನನ್ನ ಕಾಲಕ್ಕೆ ಬರುತ್ತೇನೆ.

ಕನ್ನಂಬಾಡಿ ಕಟ್ಟೆ ಮುಗಿದು, ಇರ್ವಿನ್ ನಾಲೆಯ ನೀರು (ಈಗ ಅದು ವಿಶ್ವೇಶ್ವರಯ್ಯ ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಹರಿದ ಮೇಲೆ ರಾಗಿಯ ಸೀಮೆ ಕಬ್ಬು ಭತ್ತದ ಸೀಮೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು, ಅವರೊಳಗೆ ನಮ್ಮವರೂ ಇದ್ದರು. ಅಪ್ಪ ಊರು ಬಿಟ್ಟು ಮಂಡ್ಯ ಸೇರಿದರು. ಅಲ್ಲಿ ಗುಡಿ ಹತ್ತಿರ, ಗುರುಗಳು ಹತ್ತಿರ, ದಿನಾ ಪೂಜೆ. ತಾತನ ಕಂಬಿಯ ಬದಲು ಕಾರ್ಖಾನೆಯ ಸಿಳ್ಳು ನಮ್ಮ ಹೊತ್ತನ್ನು ಹೇಳತೊಡಗಿತು. ಸಿಳ್ಳಿಗೆ ಏಳುವುದು, ಸಿಳ್ಳಿಗೆ ಉಣ್ಣುವುದು. ಯಾರೂ ತೀರ್ಮಾನ ಮಾಡಿ ತ್ರಿಕಾಲ ಪ್ರಾರ್ಥನೆ ಬಿಡಲಿಲ್ಲ, ಅದು ತಾನಾಗಿ ಜಾರಿತು. ಮೊದಲು ಮಧ್ಯಾಹ್ನದ್ದು ಹೋಯಿತು, ಆಮೇಲೆ ಬೆಳಗಿನದು. ಟೆಲಿವಿಷನ್ ಬಂದ ಮೇಲೆ ರಾತ್ರಿಯ ಜಪಸರ ಅಕ್ಟೋಬರ್ ತಿಂಗಳಿಗೆ ಮಾತ್ರ ಎಂದಾಯಿತು. ಮೊಬೈಲ್ ಬಂದ ಮೇಲೆ ಅದೂ ಇಲ್ಲ. ದೇವರನ್ನು ಗುಡಿಗೆ ಒಪ್ಪಿಸಿ ಮನೆ ಖಾಲಿ ಮಾಡಿಕೊಂಡೆವು. ಗುರುಗಳೇ ಸಿಗದ ಕಾಲದಲ್ಲಿ ನಮ್ಮವರು ಕಾಪಾಡಿಕೊಂಡದ್ದನ್ನು ಗುರುಗಳು ಹತ್ತಿರವಿದ್ದ ಕಾಲದಲ್ಲಿ ನಾವು ಕಳೆದೆವು.

ಈ ನಷ್ಟ ನನಗೆ ತಟ್ಟಿದ್ದು 2016ರಲ್ಲಿ. ಮಂಡ್ಯ ಜಿಲ್ಲೆಯವರು ಆ ಎರಡು ವರ್ಷಗಳನ್ನು ಮರೆಯುವುದಿಲ್ಲ. 2015ರಲ್ಲಿ ಕಬ್ಬಿನ ಬಾಕಿ ಬಾರದೆ, ಸಾಲ ತೀರದೆ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡರು. ಮರುವರ್ಷ ಮಳೆ ಕೈಕೊಟ್ಟು ಕಟ್ಟೆಯ ನೀರು ತಳ ಕಂಡಿತು. ಊರಿನಲ್ಲಿ ಉಳಿದಿದ್ದ ನಮ್ಮ ಸೋದರಮಾವನ ಕಬ್ಬು ನಿಂತಲ್ಲೇ ಒಣಗಿತು. ನೋಡಿಕೊಂಡು ಬರಲು ಹೋದೆ. ಸಂಜೆ ಮಾವ ಜಗುಲಿಯ ಮೇಲೆ ಕೂತು, ಗೋಡೆಯ ಮೇಲಿನ ತಿರುಹೃದಯದ ಪಟದ ಕಡೆ ನೋಡುತ್ತ, ಗಟ್ಟಿಯಾಗಿ ಮಾತಾಡುತ್ತಿದ್ದ. "ಏನ್ ಸ್ವಾಮಿ, ಕಣ್ ಮುಚ್ಕೊಂಡು ಕುಂತಿದ್ದೀಯಾ? ನಿಂಗೆ ನಾಲೆ ಕಾಣ್ತಾ ಇಲ್ವಾ? ಸಾಲ ಕೊಟ್ಟೋನು ನಾಳೆ ಬತ್ತಾನೆ, ನೀನೂ ಬಾ, ಪಕ್ಕದಲ್ಲಿ ಕುಂತ್ಕೊ." ನಾನು ಬಂದದ್ದು ಗೊತ್ತಾದ ಮೇಲೂ ಅವನು ಸಂಕೋಚಪಡಲಿಲ್ಲ. ಎದ್ದು ಹೋಗಿ ಹೊಂಗೆಮರದ ಕಂಬಿಯನ್ನು ಮೂರು ಸಲ ಬಾರಿಸಿ ಬಂದ. ಆ ಊರಿನಲ್ಲಿ ಅದು ಇನ್ನೂ ನಡೆಯುತ್ತಿತ್ತು.

ನಾನೂ ಅಂದು ಅವನ ಪಕ್ಕದಲ್ಲಿ ಪ್ರಾರ್ಥಿಸಲು ಕೂತೆ. ಮಾತು ಬರಲಿಲ್ಲ. ಪುಸ್ತಕದ ಪ್ರಾರ್ಥನೆಗಳು ಗೊತ್ತಿದ್ದವು, ದೇವರೊಂದಿಗೆ ಮಾತಾಡಿ ಅಭ್ಯಾಸ ತಪ್ಪಿಹೋಗಿತ್ತು. ವರ್ಷಗಟ್ಟಲೆ ಮಾತುಬಿಟ್ಟ ಅಣ್ಣತಮ್ಮಂದಿರು ಸಾವಿನ ಮನೆಯಲ್ಲಿ ಎದುರಾದಾಗ ಏನು ಹೇಳಬೇಕೆಂದು ತೋಚದೆ ನಿಲ್ಲುತ್ತಾರಲ್ಲ, ಹಾಗೆ ಆಯಿತು ನನ್ನ ಗತಿ. ಮಾವನಿಗೆ ಜಗಳವಾಡುವಷ್ಟು ಸಲುಗೆಯಿತ್ತು. ಬೈಬಲ್ಲಿನ ಕೀರ್ತನೆಗಳನ್ನು ಬಿಡಿಸಿ ನೋಡಿದರೆ ಅಲ್ಲಿಯೂ ಸ್ತುತಿಯಷ್ಟೇ ದೂರು, ಅಳು, ಜಗಳ ತುಂಬಿವೆ. ಅವು ದೇವಾಲಯದಲ್ಲಿ ಹಾಡುವಂಥವಾದದ್ದೇ ಆ ಸಲುಗೆಯಿಂದ. ಮರುದಿನ ಸಾಲಗಾರ ಬಂದ, ಬೈದ, ಹೋದ. ಪವಾಡವೇನೂ ನಡೆಯಲಿಲ್ಲ. ಆದರೆ ಮಾವ ಆ ವರ್ಷವನ್ನು ದಾಟಿದ. ಅಂಥ ವರ್ಷದಲ್ಲಿ ದಾಟುವುದೆಂದರೆ ಏನೆಂದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಪವೊಂದೇ ಅವನನ್ನು ಉಳಿಸಿತೆಂದು ಹೇಳಿ, ಉಳಿಯಲಾಗದವರ ವಿಶ್ವಾಸವನ್ನು ತೂಗುವ ಪಾಪ ನಾನು ಮಾಡಲಾರೆ. ಅವನು ಒಂಟಿಯಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಕಣ್ಣಾರೆ ಕಂಡೆ.

ಈ ಸಲುಗೆ ನಮಗೆ ಬರೀ ರೋಮಿನಿಂದ ಬಂದದ್ದಲ್ಲ ಎಂದೂ ನನಗೆ ಅನಿಸುತ್ತದೆ. ನಮ್ಮ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. 'ಧರೆಗೆ ದೊಡ್ಡವರು' ಎಂದು ಹಾಡುತ್ತ ತಂಬೂರಿ ಹಿಡಿದ ನೀಲಗಾರರು ಬಾಗಿಲಿಗೆ ಬಂದರೆ ಅಜ್ಜಿ ಮೊರದಲ್ಲಿ ರಾಗಿ ತಂದು ಹಾಕುತ್ತಿದ್ದಳು. "ಅವ್ರ ದೇವ್ರು ಬೇರೆ ಅಲ್ವಾ ಅಜ್ಜಿ?" ಎಂದರೆ, "ಹಾಡೋ ಗಂಟ್ಲು ಹಸ್ದಿರ್ತದೆ, ಮೊದ್ಲು ಅದ ನೋಡು" ಎನ್ನುತ್ತಿದ್ದಳು. ಹಟ್ಟಿಯ ಬಾಗಿಲಿಗೆ ಬಂದು ಭಕ್ತರನ್ನು ಕಾಡುವ, ಬೇಡುವ, ಬೈಸಿಕೊಳ್ಳುವ ದೇವರ ಕಥೆಗಳ ನಡುವೆ ಬೆಳೆದ ಸೀಮೆಯಿದು. ಇಲ್ಲಿಯ ಕ್ರೈಸ್ತರು ಯೇಸುಸ್ವಾಮಿಯೊಂದಿಗೆ ಮನೆಯ ಹಿರಿಯನೊಂದಿಗೆ ಮಾತಾಡುವ ಹಾಗೆ ಮಾತಾಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ದೂರದ ಪ್ಯಾರಿಸ್ಸಿನಲ್ಲೂ, ಚಿನ್ನಾಮಿಯವರ ಕಾಲಕ್ಕೇ, ಒಬ್ಬ ಹೀಗೆ ಬದುಕಿದ. ಸಹೋದರ ಲಾರೆನ್ಸ್ ಎಂದು ಅವನ ಹೆಸರು, 1691ರಲ್ಲಿ ತೀರಿಕೊಂಡ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿ, ಹೆಚ್ಚು ಓದಿದವನಲ್ಲ. ಕಾರ್ಮೆಲ್ ಮಠ ಸೇರಿ ಅಡಿಗೆಮನೆಯಲ್ಲಿ ದುಡಿದ. ಪಾತ್ರೆಗಳ ಸದ್ದಿನ ನಡುವೆಯೂ ದೇವರು ಜೊತೆಗಿದ್ದಾನೆಂಬ ಅರಿವನ್ನು ದಿನಾ ಅಭ್ಯಾಸ ಮಾಡಿದ. ಅವನ ಕಾಗದಗಳೂ ಮಾತುಕತೆಗಳೂ ಅವನು ಸತ್ತ ಮೇಲೆ ಪುಸ್ತಕವಾಗಿ ಲೋಕವೆಲ್ಲ ಓದುವಂತಾಯಿತು. ಅವನು ಅಡಿಗೆಮನೆಯಲ್ಲಿ ಕಂಡದ್ದನ್ನೇ ನಮ್ಮ ಅಜ್ಜಿ ಕೊಟ್ಟಿಗೆಯಲ್ಲಿ ಕಂಡಿದ್ದಳು. ಅವಳ ಮಾತನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಮದ್ದೂರಿನ ಆ ಹುಡುಗನಿಗೆ ಏನು ಹೇಳಲಿ? ಹೊಸದೇನೂ ಇಲ್ಲ. ಇತಿಹಾಸ ತೋರಿಸಿಕೊಟ್ಟ ನಾಲ್ಕು ಮಾತು, ನನಗೂ ಹೇಳಿಕೊಳ್ಳುವಂಥವು.

ಮೊದಲನೆಯದು, ಹೊತ್ತು. ದಿನಕ್ಕೆ ಮೂರು ಸಲ ಒಂದೊಂದು ನಿಮಿಷ. ತ್ರಿಕಾಲ ಪ್ರಾರ್ಥನೆಯ ವಿಷಯವೇ ದೇವರು ಮನುಷ್ಯನಾದ ಎಂಬುದು. ಕೆಲಸದ ನಡುವೆ ಅದನ್ನು ಹೇಳುವುದೆಂದರೆ, ಅವನು ಈ ಕೆಲಸದೊಳಕ್ಕೂ ಬಂದಿದ್ದಾನೆಂದು ನೆನೆಯುವುದು. ರೈಲಿನಲ್ಲಿ ನಿಂತುಕೊಂಡೂ ಹೇಳಬಹುದು. ಮದ್ದೂರಿನಲ್ಲಿ ವಡೆಯವನು ಹತ್ತುವ ಗಲಾಟೆಯಲ್ಲಿ ಕೂಡ ಹೇಳಬಹುದು. ಹಾಲು ಕರೆಯುತ್ತ ಹೇಳಿದವಳನ್ನು ನಾನು ಕಂಡಿದ್ದೇನೆ.

ಎರಡನೆಯದು, ಲೆಕ್ಕ. ಚಿನ್ನಾಮಿಯವರು ಯೇಸುಸಭೆಯವರು. ಆ ಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು ಸಾಧಕರಿಗೆ ಹೇಳಿಕೊಟ್ಟ ದಿನನಿತ್ಯದ ಅಭ್ಯಾಸವೊಂದಿದೆ, ಆತ್ಮಶೋಧನೆ. ಅಂಗಡಿಯವನು ಬಾಗಿಲು ಹಾಕುವ ಮುಂಚೆ ಲೆಕ್ಕ ನೋಡಿಕೊಳ್ಳುವಂತೆ, ಮಲಗುವ ಮುಂಚೆ ದಿನವನ್ನು ದೇವರ ಮುಂದೆ ಬಿಚ್ಚಿಡುವುದು. ಮೊದಲು ಪಡೆದದ್ದಕ್ಕೆ ವಂದನೆ, ಆಮೇಲೆ ತಪ್ಪಿದ್ದು, ಆಮೇಲೆ ನಾಳೆಗೆ ಏನು. ವಂದನೆ ಮೊದಲು ಎಂಬುದನ್ನು ಮರೆಯಬಾರದು. ತಪ್ಪಿನಿಂದ ಶುರು ಮಾಡಿದವರು ಬೇಗ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಹೀಗೆ ದಿನಾ ಲೆಕ್ಕ ನೋಡಿಕೊಂಡವನಿಗೆ ಪಾಪನಿವೇದನೆಯೂ ಸುಲಭವಾಗುತ್ತದೆ.

ಮೂರನೆಯದು, ನಮ್ಮ ಮಾತು. ಪುಸ್ತಕದ ಪ್ರಾರ್ಥನೆ ಬೇಡವೆಂದಲ್ಲ. ದಣಿದಾಗ, ದುಃಖದಲ್ಲಿ, ಬಾಯಿಪಾಠವೇ ಊರುಗೋಲು. ಆದರೆ ಅದರ ಪಕ್ಕದಲ್ಲಿ ಮಾವನಂತೆ ಹಟ್ಟಿಯ ಮಾತಿನಲ್ಲಿ ನಾಲ್ಕು ಮಾತು ಆಡಬೇಕು. ಶುಭಸಂದೇಶದ ಒಂದು ಸಣ್ಣ ಭಾಗ ಓದಿ, ಅವನು ಹೇಳಿದ್ದನ್ನು ಕೇಳಿಸಿಕೊಳ್ಳಲೂ ಬೇಕು. ಒಂದೇ ಕಡೆಯ ಮಾತು ಸಂಬಂಧವಾಗುವುದಿಲ್ಲ. ಮೈಸೂರಿನಲ್ಲಿ 1979ರಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದ ಫಾದರ್ ಅಮಲೋರ್ಪವದಾಸ್ ಅವರು ನೆಲದ ಮೇಲೆ ಕೂತು ಮೌನವಾಗಿ ಧ್ಯಾನಿಸುವ ಈ ನಾಡಿನ ರೀತಿಯನ್ನು ಕಥೋಲಿಕರಿಗೆ ಮತ್ತೆ ನೆನಪಿಸಿದರು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮಾತು ಮುಗಿದ ಮೇಲಿನ ಮೌನವೂ ಜಪವೇ.

ನಾಲ್ಕನೆಯದು, ಬಾಗಿಲು. ಅಜ್ಜಿಯ ಮೊರದ ರಾಗಿ, ದ್ಯುಬುವಾ ಹಳ್ಳಿಹಳ್ಳಿಗೆ ಒಯ್ದ ದೇವಿಯ ಮದ್ದು. ದ್ಯುಬುವಾ ತಮ್ಮ ಬದುಕು ಸೋತಿತೆಂದು ಬರೆದರೇನೋ ಸರಿ, ಆದರೆ ಅವರಿಂದ ಸಿಡುಬು ತಪ್ಪಿಸಿಕೊಂಡ ಕೂಸುಗಳು ಅದನ್ನು ಒಪ್ಪುತ್ತಿರಲಿಲ್ಲ. ಹೊರಗಿನವರಿಗೆ ಬಾಗಿಲು ಹಾಕಿಕೊಂಡ ಹಟ್ಟಿಯ ಜಪ ಹಟ್ಟಿಯೊಳಗೇ ಉಳಿಯುತ್ತದೆ.

ಇಷ್ಟು ಹೇಳಿ, ಪೂಜೆಯನ್ನು ಕೀಳುಮಾಡಿದೆನೆಂದು ಯಾರೂ ತಿಳಿಯಬಾರದು. ಪರಮಪ್ರಸಾದವೇ ಕಥೋಲಿಕನ ಬದುಕಿನ ನಡುಗಂಬ. ಗುರು ಬಂದಾರೆಂದು ತಿಂಗಳುಗಟ್ಟಲೆ ಕಾದವರಿಗೆ ಅದರ ಬೆಲೆ ಗೊತ್ತಿತ್ತು. ಅವರು ಹಸಿದು ಕಾದರು, ನಾವು ಹಸಿವಿಲ್ಲದೆ ಸಾಲಿನಲ್ಲಿ ನಿಲ್ಲುತ್ತೇವೆ. ವಾರವೆಲ್ಲ ಮನೆಯಲ್ಲಿ ಜಪ ಮಾಡಿದವನಿಗೆ ಭಾನುವಾರದ ಪೂಜೆ ಬಂಧುವಿನ ಮನೆಯ ಹಬ್ಬದೂಟ. ಮಾಡದವನಿಗೆ ಅದು ಪರಿಚಯವಿಲ್ಲದವರ ಮದುವೆಯೂಟ. ಉಂಡು ಕೈತೊಳೆದು ಬಂದರೆ ಸೋಮವಾರಕ್ಕೆ ಏನೂ ಉಳಿದಿರುವುದಿಲ್ಲ. ಜೂನ್ 13ಕ್ಕೆ ನಾವೆಲ್ಲ ಡೋರನಹಳ್ಳಿಯ ಸಂತ ಅಂತೋಣಿಯವರ ಜಾತ್ರೆಗೆ ಹೋಗುತ್ತೇವೆ. ಆ ದೇವಾಲಯ 2019ರಲ್ಲಿ ಬೆಸಿಲಿಕಾ ಆಯಿತೆಂದು ಹೆಮ್ಮೆಪಡುತ್ತೇವೆ. ಅಲ್ಲಿ ಹಚ್ಚಿದ ಮೇಣದ ಬತ್ತಿ ಅಲ್ಲೇ ಕರಗುತ್ತದೆ. ಮನೆಗೆ ತರಬೇಕಾದದ್ದು ಬೇರೆ.

ಮಾವ ಈಗಿಲ್ಲ. ಮಕ್ಕಳು ಮನೆ ಕೆಡವಿ ತಾರಸಿ ಕಟ್ಟುವಾಗ ಹೊಂಗೆಮರವೂ ಹೋಯಿತು. ಕಂಬಿಯನ್ನು ಗುಜರಿಗೆ ಹಾಕುವುದರಲ್ಲಿದ್ದರು. ನಾನು ಕೇಳಿ ತಂದೆ. ಬಸ್ಸಿನ ಕಂಡಕ್ಟರ್ ಅದಕ್ಕೂ ಲಗೇಜು ಹಾಕಿದ. ಮಂಡ್ಯದ ನಮ್ಮ ಹಿತ್ತಲಿನ ನುಗ್ಗೆಮರಕ್ಕೆ ಅದರ ಭಾರ ತಾಳದು, ಕಿಟಕಿಯ ಸರಳಿಗೆ ಕಟ್ಟಿದ್ದೇನೆ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಸಂಜೆ ಮಾತ್ರ, ಮೆಲ್ಲಗೆ, ಮೂರು ಸಲ ಬಾರಿಸುತ್ತೇನೆ. ನನ್ನ ಹೆಂಡತಿ ಒಲೆ ಸಣ್ಣ ಮಾಡಿ ಬರುತ್ತಾಳೆ, ಕೆಲವು ದಿನ ಸಣ್ಣ ಮಾಡದೆ ಅಡಿಗೆಮನೆಯಿಂದಲೇ ದನಿಗೂಡಿಸುತ್ತಾಳೆ. ಮೊದಮೊದಲು ನಡುವೆ ಸಾಲು ಮರೆತುಹೋಗುತ್ತಿತ್ತು. ಈಗ ಪರವಾಗಿಲ್ಲ.

ಮೊನ್ನೆ ಪಕ್ಕದ ಮನೆಯ ಮಗು ಕಾಂಪೌಂಡಿನ ಮೇಲಿಂದ ಇಣುಕಿ, "ತಾತ, ಇವತ್ತು ಗಂಟೆ ಹೊಡೀಲಿಲ್ಲ?" ಎಂದು ಕೇಳಿತು. ಮೊಬೈಲ್ ನೋಡುತ್ತ ಹೊತ್ತು ಮರೆತಿದ್ದೆ. ಎದ್ದು ಹೋಗಿ ಹೊಡೆದೆ.